ಒಂದು ಯಂತ್ರ, ಹಲವು ತೆರೆ

ಹಿಂದಿನ ಕಾಲದಲ್ಲಿ ಮಂಡಿಯ ಗುಮಾಸ್ತರು ಲೆಕ್ಕ ಬರೆಯುತ್ತಿದ್ದ ಬಗೆಯನ್ನು ನಿಮ್ಮಲ್ಲಿ ಕೆಲವರು ಕಣ್ಣಾರೆ ಕಂಡಿರಬಹುದು. ಕಾಣದವರು ಹಿರಿಯರಿಂದ ಕೇಳಿರಬಹುದು. ಇಳಿಜಾರಾದ ಮೇಜಿನ ಎಡಗಡೆ ಕಿರ್ದಿ, ಬಲಗಡೆ ಖಾತೆ. ದಿನದ ವ್ಯವಹಾರವೆಲ್ಲ ಕಿರ್ದಿಗೆ ಬಿದ್ದ ಮೇಲೆ ಒಂದೊಂದು ಬಾಬನ್ನೂ ಅಲ್ಲಿ ಓದಿ ಇಲ್ಲಿ ಏರಿಸಬೇಕು. ಎರಡು ಪುಸ್ತಕಗಳೂ ಒಟ್ಟಿಗೆ ಕಣ್ಣ ಮುಂದೆ ತೆರೆದಿದ್ದರೆ ಕೆಲಸ ಸಲೀಸು. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯಬೇಕಾಗಿ ಬಂದರೆ, ನಡುವಿನ ಆ ಕ್ಷಣದಲ್ಲಿ ಅಂಕಿ ಮನಸ್ಸಿನಿಂದ ಜಾರುತ್ತದೆ. ನೂರಾ ಎಂಟು ನೂರಾ ಎಂಬತ್ತಾಗುವುದು ಅಲ್ಲಿಯೇ.

ಇಂದು ಕಂಪ್ಯೂಟರಿನ ಮುಂದೆ ಕುಳಿತವರ ಪಾಡೂ ಇದೇ. ಭಾಷಾಂತರ ಮಾಡುವವರಿಗೆ ಮೂಲ ಒಂದು ಕಡೆ, ತಮ್ಮ ಬರಹ ಇನ್ನೊಂದು ಕಡೆ ಬೇಕು. ಎಕ್ಸ್-ರೇ ನೋಡುವ ವೈದ್ಯರಿಗೆ ಹೋದ ವರ್ಷದ ಚಿತ್ರದ ಪಕ್ಕದಲ್ಲಿಯೇ ಈ ವರ್ಷದ ಚಿತ್ರ ಬೇಕು. ಆದ್ದರಿಂದ ಎರಡನೆಯ ಮಾನಿಟರನ್ನು, ಕೆಲವು ಸಲ ಮೂರನೆಯದನ್ನೂ, ತಂದು ಮೇಜಿನ ಮೇಲೆ ಜೋಡಿಸುತ್ತಾರೆ. ಯಂತ್ರದ ಬೆನ್ನಿಗೆ ಬಗ್ಗಿ ನೋಡಿದರೆ ಗ್ರಾಫಿಕ್ಸ್ ಕಾರ್ಡಿನಲ್ಲಿ ನಾಲ್ಕು ಸಾಕೆಟ್ಟುಗಳು ಕಾಣುತ್ತವೆ. ನಾಲ್ಕು ಸಾಕೆಟ್ಟು ಇದ್ದ ಮೇಲೆ ನಾಲ್ಕು ಮಾನಿಟರು ನಡೆಯಲೇಬೇಕಲ್ಲವೆ? ಕೇಬಲ್ಲು ಸಿಕ್ಕಿಸುತ್ತಾರೆ. ಎರಡು ತೆರೆಗಳು ಬೆಳಗುತ್ತವೆ. ಮೂರನೆಯದು ಕಪ್ಪಾಗಿಯೇ ಉಳಿಯುತ್ತದೆ. ಕೆಟ್ಟಿದೆಯೆಂದು ಅದನ್ನು ಅಂಗಡಿಗೆ ಹೊತ್ತುಕೊಂಡು ಹೋದರೆ, ಅಲ್ಲಿ ಅದು ಏನೂ ಆಗದಂತೆ ಬೆಳಗುತ್ತದೆ!

ತಪ್ಪು ಮಾನಿಟರಿನದಲ್ಲ, ಕೇಬಲ್ಲಿನದೂ ಅಲ್ಲ. ತಪ್ಪು ಎಣಿಕೆಯದು. ಒಂದು ಯಂತ್ರಕ್ಕೆ ಎಷ್ಟು ತೆರೆ ಎಂಬ ಪ್ರಶ್ನೆಗೆ ಉತ್ತರವನ್ನು ಸಾಕೆಟ್ಟುಗಳ ಸಂಖ್ಯೆ ಎಂದೂ ಹೇಳಿಲ್ಲ. ಉತ್ತರ ಇರುವುದು ಒಳಗೆ. ಅದೂ ಕಾಲಕಾಲಕ್ಕೆ ಬೇರೆ ಬೇರೆ ಜಾಗದಲ್ಲಿ. ಆ ಜಾಗಗಳನ್ನು ಒಂದೊಂದಾಗಿ ನೋಡಿಕೊಂಡು ಬಂದರೆ, ಸುಮಾರು ನಲವತ್ತು ವರ್ಷಗಳ ಒಂದು ಸ್ವಾರಸ್ಯವಾದ ಚರಿತ್ರೆ ನಮ್ಮ ಮುಂದೆ ಬಿಚ್ಚಿಕೊಳ್ಳುತ್ತದೆ.

ಮೊದಲು ಒಂದು ಮಾತನ್ನು ಸ್ಪಷ್ಟಮಾಡಿಕೊಳ್ಳೋಣ. ನಿಮ್ಮ ಮನೆಯಲ್ಲಿ ಒಂದು ರೇಡಿಯೋ ಇದೆ ಎನ್ನಿ. ಅದಕ್ಕೆ ಇನ್ನೊಂದು ಸ್ಪೀಕರು ಜೋಡಿಸಿ ಅಡಿಗೆಮನೆಯಲ್ಲಿಟ್ಟರೆ, ನಡುಮನೆಯಲ್ಲಿ ಕೇಳುವ ಭಾಷಣವೇ ಅಡಿಗೆಮನೆಯಲ್ಲಿಯೂ ಕೇಳುತ್ತದೆ. ಅಲ್ಲಿ ಭಾಷಣ, ಇಲ್ಲಿ ಸಂಗೀತ ಬೇಕಾದರೆ ಸ್ಪೀಕರು ಹೆಚ್ಚಿಸಿ ಫಲವಿಲ್ಲ. ಎರಡು ಸ್ಟೇಷನ್ನುಗಳನ್ನು ಬೇರೆ ಬೇರೆಯಾಗಿ ಹಿಡಿಯುವ ಎರಡು ರೇಡಿಯೋಗಳೇ ಬೇಕು. ಮಾನಿಟರುಗಳ ವಿಷಯವೂ ಹಾಗೆಯೇ. ಒಂದೇ ಚಿತ್ರವನ್ನು ಹತ್ತು ತೆರೆಗಳಲ್ಲಿ ತೋರಿಸಲು ಕವಲು ಕೇಬಲ್ಲು ಇದ್ದರೆ ಸಾಕು. ಹತ್ತು ತೆರೆಗಳಲ್ಲಿ ಹತ್ತು ಚಿತ್ರ ಬೇಕೆಂದಾಗ ಮಾತ್ರ ನಮ್ಮ ಕಥೆ ಆರಂಭವಾಗುತ್ತದೆ.

ತೆರೆಯ ಮೂಲಕ್ಕೂ ರೇಡಿಯೋವಿಗೂ ನೆಂಟಸ್ತಿಕೆ ಇದೆ. ೧೮೯೭ರಲ್ಲಿ ಜರ್ಮನಿಯ ಭೌತವಿಜ್ಞಾನಿ ಕಾರ್ಲ್ ಫರ್ಡಿನಂಡ್ ಬ್ರೌನ್ ಕ್ಯಾಥೋಡ್ ಕಿರಣದ ಕೊಳವೆಯನ್ನು ರೂಪಿಸಿದನು. ಗಾಜಿನ ಕೊಳವೆಯ ಒಂದು ತುದಿಯಿಂದ ಎಲೆಕ್ಟ್ರಾನುಗಳ ಎಳೆ ಹೊರಟು ಇನ್ನೊಂದು ತುದಿಯ ಲೇಪಕ್ಕೆ ತಗುಲಿದಾಗ ಅಲ್ಲಿ ಬೆಳಕಿನ ಚುಕ್ಕಿ ಮೂಡುತ್ತದೆ. ಟೆಲಿವಿಷನ್ನಿಗೂ ಕಂಪ್ಯೂಟರಿನ ಮಾನಿಟರಿಗೂ ಬಹುಕಾಲ ಇದೇ ಕೊಳವೆ ಆಧಾರವಾಗಿತ್ತು. ಆದರೆ ೧೯೦೯ರಲ್ಲಿ ಮಾರ್ಕೋನಿಯೊಡನೆ ಬ್ರೌನ್ ಹಂಚಿಕೊಂಡ ನೊಬೆಲ್ ಪಾರಿತೋಷಕ ಬಂದದ್ದು ಈ ಕೊಳವೆಗಲ್ಲ, ನಿಸ್ತಂತು ವಾರ್ತೆಯಲ್ಲಿ ಅವನು ಮಾಡಿದ ಕೆಲಸಕ್ಕೆ.

ಈ ಕೊಳವೆಗೆ ಒಂದು ದೌರ್ಬಲ್ಯವಿತ್ತು. ಚುಕ್ಕಿ ಮೂಡಿದ ಮರುಕ್ಷಣವೇ ಮಾಸಿಹೋಗುತ್ತಿತ್ತು. ಆದ್ದರಿಂದ ಚಿತ್ರವನ್ನು ಒಮ್ಮೆ ಬರೆದು ಸುಮ್ಮನಿರುವಂತಿಲ್ಲ. ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಯವರೆಗೆ ಸಾಲುಸಾಲಾಗಿ, ಸೆಕೆಂಡಿಗೆ ಐವತ್ತು ಅರವತ್ತು ಸಲ, ಮತ್ತೆ ಮತ್ತೆ ಬರೆಯುತ್ತಿರಬೇಕು. ಯಂತ್ರದ ಮೆಮೊರಿಯಲ್ಲಿರುವ ಚಿತ್ರವನ್ನು ಹೀಗೆ ಮೊದಲಿನಿಂದ ಕೊನೆಯವರೆಗೆ ಓದಿ ಓದಿ ಮಾನಿಟರಿಗೆ ಕಳುಹಿಸುವುದಕ್ಕೆಂದೇ ಗ್ರಾಫಿಕ್ಸ್ ಕಾರ್ಡಿನಲ್ಲಿ ಒಂದು ಭಾಗವಿದೆ. ಅದಕ್ಕೆ ಡಿಸ್‌ಪ್ಲೇ ಕಂಟ್ರೋಲರು ಎಂದು ಹೆಸರು. ನಾವು ಅದನ್ನು ಪಾರಾಯಣಕ್ಕೆ ಕುಳಿತವನೆಂದು ತಿಳಿಯೋಣ. ಗ್ರಂಥವೇನೋ ಮೆಮೊರಿಯಲ್ಲಿದೆ, ಓದುವವನೊಬ್ಬ ಬೇಕು. ಒಂದು ಗ್ರಂಥವನ್ನು ಒಬ್ಬ ಓದಬಲ್ಲ. ಏಕಕಾಲಕ್ಕೆ ಎರಡು ಗ್ರಂಥಗಳ ಪಾರಾಯಣವಾಗಬೇಕಾದರೆ ಇಬ್ಬರು ಬೇಕು. ಈ ಮಾತು ನೆನಪಿನಲ್ಲಿರಲಿ.

ಒಂದು ಯಂತ್ರಕ್ಕೆ ಅನೇಕ ತೆರೆಗಳೆಂಬುದು ದೊಡ್ಡ ಯಂತ್ರಗಳಲ್ಲಿ ಹೊಸದೇನಲ್ಲ. ಅಮೆರಿಕದ ವಾಯುರಕ್ಷಣೆಗಾಗಿ ಕಟ್ಟಿದ ಸೇಜ್ ಎಂಬ ವ್ಯವಸ್ಥೆಯ ಮೊದಲ ಕೇಂದ್ರ ೧೯೫೮ರಲ್ಲಿ ನ್ಯೂಜೆರ್ಸಿಯಲ್ಲಿ ಕೆಲಸಕ್ಕೆ ತೊಡಗಿತು. ಐ.ಬಿ.ಎಂ. ಸಂಸ್ಥೆ ಕಟ್ಟಿದ ಅದರ ಕಂಪ್ಯೂಟರಿನ ತೂಕ ಸುಮಾರು ೨೫೦ ಟನ್ನು. ಕತ್ತಲೆಯ ಕೋಣೆಗಳಲ್ಲಿ ಸಾಲಾಗಿ ಕುಳಿತ ಸಿಬ್ಬಂದಿಯವರ ಮುಂದೆ ಒಬ್ಬೊಬ್ಬರಿಗೂ ಒಂದು ತೆರೆ; ರೇಡಾರಿನಿಂದ ಬಂದ ಸುದ್ದಿ ಅದರ ಮೇಲೆ ಮೂಡುತ್ತಿತ್ತು. ಆ ವ್ಯವಸ್ಥೆ ೧೯೮೩ರವರೆಗೂ ನಡೆಯಿತು. ಆದರೆ ಅಲ್ಲಿದ್ದುದು ಒಂದು ಯಂತ್ರಕ್ಕೆ ಅನೇಕ ಜನ. ಒಬ್ಬನೇ ಮನುಷ್ಯ ಒಂದೇ ಮೇಜಿನ ಮುಂದೆ ಕುಳಿತು ಎರಡು ತೆರೆಗಳನ್ನು ನೋಡುವ ಕಾಲ ಬರಬೇಕಾದರೆ ಯಂತ್ರವೇ ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕದಾಗಬೇಕಾಯಿತು.

೧೯೮೧ರ ಆಗಸ್ಟ್ ತಿಂಗಳಲ್ಲಿ ಐ.ಬಿ.ಎಂ. ತನ್ನ ಪಿ.ಸಿ.ಯನ್ನು ಹೊರತಂದಿತು. ಅದರ ಜೊತೆಯಲ್ಲಿ ಒಂದಲ್ಲ, ಎರಡು ಬಗೆಯ ಕಾರ್ಡುಗಳು ಬಂದವು. ಒಂದು ಏಕವರ್ಣದ ಕಾರ್ಡು. ಅದು ತೋರಿಸುತ್ತಿದ್ದುದು ಅಕ್ಷರಗಳನ್ನು ಮಾತ್ರ. ಸಾಲಿಗೆ ೮೦ರಂತೆ ೨೫ ಸಾಲು, ಹಸಿರು ಬಣ್ಣ, ಬಹಳ ಸ್ಫುಟ. ಕಚೇರಿಯ ಕೆಲಸಕ್ಕೆಂದೇ ಮಾಡಿದ್ದರಿಂದ ಪ್ರಿಂಟರಿನ ಸಾಕೆಟ್ಟೂ ಅದರಲ್ಲಿಯೇ ಇತ್ತು. ಇನ್ನೊಂದು ಬಣ್ಣದ ಕಾರ್ಡು. ಅದು ಚಿತ್ರ ಬರೆಯಬಲ್ಲುದು, ಆದರೆ ಅಕ್ಷರಗಳು ಒರಟು. ಅದರ ಮೆಮೊರಿ ೧೬ ಕಿಲೋಬೈಟು. ಅಡ್ಡಕ್ಕೆ ೩೨೦, ಉದ್ದಕ್ಕೆ ೨೦೦ ಚುಕ್ಕಿಗಳ ಚಿತ್ರದಲ್ಲಿ ನಾಲ್ಕೇ ಬಣ್ಣ. ಓದಲು ಹಿತವಾದದ್ದು ಚಿತ್ರ ಬರೆಯದು. ಚಿತ್ರ ಬರೆಯುವುದು ಓದಲು ಹಿತವಲ್ಲ. ಹೀಗಿರಲು ಎರಡೂ ಬೇಕೆಂದವರು ಏನು ಮಾಡಬೇಕು?

ಇಲ್ಲಿ ಐ.ಬಿ.ಎಂ.ನ ಎಂಜಿನಿಯರುಗಳು ಒಂದು ಒಳ್ಳೆಯ ಕೆಲಸ ಮಾಡಿದ್ದರು. ಆ ಯಂತ್ರದ ಪ್ರೊಸೆಸರು ಒಟ್ಟು ೧,೦೨೪ ಕಿಲೋಬೈಟುಗಳಷ್ಟು ವಿಳಾಸಗಳನ್ನು ಗುರುತಿಸಬಲ್ಲುದಾಗಿತ್ತು. ಅವುಗಳಲ್ಲಿ ಏಕವರ್ಣದ ಕಾರ್ಡಿಗೆ ೭೦೪ನೆಯ ಕಿಲೋಬೈಟಿನಿಂದ ಜಾಗ. ಬಣ್ಣದ ಕಾರ್ಡಿಗೆ ೭೩೬ರಿಂದ. ಒಂದೇ ಬೀದಿ, ಬೇರೆ ಬೇರೆ ಮನೆ ನಂಬರು. ಅಂಚೆಯವನಿಗೆ ಗೊಂದಲವಿಲ್ಲ. ಆದ್ದರಿಂದ ಎರಡು ಕಾರ್ಡುಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂರಿಸಿ, ಎರಡು ಮಾನಿಟರುಗಳನ್ನು ಜೋಡಿಸುವುದು ಮೊದಲ ದಿನದಿಂದಲೇ ಸಾಧ್ಯವಿತ್ತು. ‘ಮೋಡ್ ಮೋನೋ’ ಎಂದು ಆಜ್ಞೆ ಕೊಟ್ಟರೆ ಬರಹ ಹಸಿರು ತೆರೆಯಲ್ಲಿ. ‘ಮೋಡ್ ಸಿಓ೮೦’ ಎಂದರೆ ಬಣ್ಣದ ತೆರೆಯಲ್ಲಿ. ಒಂದೇ ಎಚ್ಚರಿಕೆ ಬೇಕಾಗಿತ್ತು. ಎರಡು ಕಾರ್ಡುಗಳ ಸಾಕೆಟ್ಟೂ ಒಂದೇ ಆಕಾರದ್ದು, ಒಂಬತ್ತು ಸೂಜಿಯದು. ಆದರೆ ಬರೆಯುವ ವೇಗ ಬೇರೆ ಬೇರೆ. ಹಸಿರು ಮಾನಿಟರನ್ನು ಮರೆತು ಬಣ್ಣದ ಕಾರ್ಡಿಗೆ ಸಿಕ್ಕಿಸಿದರೆ ಅದು ಕೆಟ್ಟೇಹೋಗುವ ಅಪಾಯವಿತ್ತು. ಸಾಕೆಟ್ಟನ್ನು ನಂಬಬಾರದೆಂಬ ಪಾಠ ಅಷ್ಟು ಹಳೆಯದು.

೧೯೮೩ರಲ್ಲಿ ಬಂದ ಲೋಟಸ್ ೧-೨-೩ ಎಂಬ ಲೆಕ್ಕದ ಪ್ರೋಗ್ರಾಮು ಈ ಅನುಕೂಲವನ್ನು ಚೆನ್ನಾಗಿ ಬಳಸಿಕೊಂಡಿತು. ಅಂಕಿಗಳ ಹಾಳೆ ಹಸಿರು ತೆರೆಯಲ್ಲಿ. ಅದೇ ಅಂಕಿಗಳ ರೇಖಾಚಿತ್ರ ಪಕ್ಕದ ಬಣ್ಣದ ತೆರೆಯಲ್ಲಿ. ನಮ್ಮ ಗುಮಾಸ್ತರ ಕಿರ್ದಿ ಮತ್ತು ಖಾತೆ ಮತ್ತೆ ಅಕ್ಕಪಕ್ಕ ಬಂದು ಕುಳಿತಂತಾಯಿತು! ನಕ್ಷೆ ಬರೆಯುವವರು ಆಟೋಕ್ಯಾಡಿನಲ್ಲಿ ನಕ್ಷೆಯನ್ನು ಒಂದು ಕಡೆ, ಆಜ್ಞೆಗಳನ್ನು ಇನ್ನೊಂದು ಕಡೆ ಇಟ್ಟುಕೊಂಡರು. ಪ್ರೋಗ್ರಾಮು ಬರೆಯುವವರು ಅದನ್ನು ಒಂದು ತೆರೆಯಲ್ಲಿ ಓಡಲು ಬಿಟ್ಟು, ಎಲ್ಲಿ ಮುಗ್ಗರಿಸುತ್ತದೆಂಬುದನ್ನು ಇನ್ನೊಂದರಲ್ಲಿ ಪರೀಕ್ಷಿಸಿದರು.

ಅಕ್ಷರಕ್ಕೊಂದು ತೆರೆ, ಚಿತ್ರಕ್ಕೊಂದು ತೆರೆ ಎಂಬ ಈ ವಿಭಾಗ ಇಂಗ್ಲಿಷಿನವರಿಗೆ ಸಾಕಾಯಿತು. ಏಕೆಂದರೆ ಅವರ ಅಕ್ಷರಗಳು ಒಂಬತ್ತು ಚುಕ್ಕಿ ಅಗಲ, ಹದಿನಾಲ್ಕು ಚುಕ್ಕಿ ಎತ್ತರದ ಚೌಕಟ್ಟಿನೊಳಗೆ ಹಾಯಾಗಿ ಹಿಡಿಸುತ್ತಿದ್ದವು. ಏಕವರ್ಣದ ಕಾರ್ಡಿನಲ್ಲಿ ೨೫೬ ಆಕೃತಿಗಳನ್ನು ಕಾರ್ಖಾನೆಯಲ್ಲಿಯೇ ಅಚ್ಚು ಹಾಕಿಬಿಟ್ಟಿದ್ದರು, ಬದಲಾಯಿಸುವಂತಿರಲಿಲ್ಲ. ಆದರೆ ಜಗತ್ತಿನಲ್ಲಿ ಬೇರೆ ಲಿಪಿಗಳೂ ಇವೆಯಷ್ಟೆ. ವಾನ್ ಸುವನ್ನುಕುಲ್ ಎಂಬಾತನಿಗೆ ತನ್ನ ಡಾಕ್ಟರೇಟ್ ಪ್ರಬಂಧದ ಕೆಲಸವನ್ನು ಪಿ.ಸಿ.ಯಲ್ಲಿ ಥಾಯ್ ಲಿಪಿಯಲ್ಲಿ ಮಾಡಬೇಕಾಗಿತ್ತು. ಏಕವರ್ಣದ ಕಾರ್ಡಿನಲ್ಲಿ ಥಾಯ್ ಅಕ್ಷರಗಳೇ ಇಲ್ಲ. ಬಣ್ಣದ ಕಾರ್ಡಿನಲ್ಲಿ ಬರೆಯೋಣವೆಂದರೆ ಅಕ್ಷರದ ಸೂಕ್ಷ್ಮ ತಿರುವುಗಳಿಗೆ ಸಾಕಾಗುವಷ್ಟು ಚುಕ್ಕಿಗಳಿಲ್ಲ. ಬೇರೆ ದಾರಿ ಕಾಣದೆ ೧೯೮೨ರಲ್ಲಿ ಆತ ತಾನೇ ಒಂದು ಕಾರ್ಡನ್ನು ನಿರ್ಮಿಸಿದ. ಅದೇ ಹರ್ಕ್ಯುಲಿಸ್ ಕಾರ್ಡು. ಹಸಿರು ಮಾನಿಟರಿನ ಮೇಲೆಯೇ ಅಡ್ಡಕ್ಕೆ ೭೨೦, ಉದ್ದಕ್ಕೆ ೩೪೮ ಚುಕ್ಕಿಗಳಲ್ಲಿ ಅದು ಅಕ್ಷರವನ್ನಾಗಲಿ ಚಿತ್ರವನ್ನಾಗಲಿ ಬರೆಯಬಲ್ಲುದಾಗಿತ್ತು. ತನ್ನ ಭಾಷೆಗೆ ಯಂತ್ರದಲ್ಲಿ ಎಡೆಯಿಲ್ಲವೆಂದು ಒಬ್ಬ ಮಾಡಿಕೊಂಡ ವಸ್ತು ಇಂಗ್ಲಿಷಿನವರ ಕಚೇರಿಗಳಲ್ಲೆಲ್ಲ ಹರಡಿತು!

ಆದರೆ ಇದರಿಂದ ಒಂದು ತೊಡಕು ಹುಟ್ಟಿತು. ಹರ್ಕ್ಯುಲಿಸ್ ಕಾರ್ಡಿನ ಮೆಮೊರಿ ೬೪ ಕಿಲೋಬೈಟು. ಅದು ೭೦೪ರಲ್ಲಿ ಮನೆ ಹೂಡಿ ಕಾಲು ಚಾಚಿದರೆ, ೭೩೬ರಲ್ಲಿರುವ ಬಣ್ಣದ ಕಾರ್ಡಿನ ಮನೆಯನ್ನೂ ಆಕ್ರಮಿಸುತ್ತದೆ. ಆಗ ಎರಡನೆಯ ತೆರೆ ಬೇಕಾದವರ ಗತಿ? ಅದಕ್ಕೂ ಉಪಾಯ ಮಾಡಿದ್ದರು. ಕಾರ್ಡಿಗೆ ‘ಪೂರ್ಣ’ ಮತ್ತು ‘ಅರ್ಧ’ ಎಂದು ಎರಡು ಸ್ಥಿತಿಗಳು. ‘ಅರ್ಧ’ದಲ್ಲಿ ಅದು ತನ್ನ ಮೊದಲ ೩೨ ಕಿಲೋಬೈಟುಗಳಿಂದಲೇ ತೃಪ್ತಿಪಟ್ಟು ಪಕ್ಕದವನಿಗೆ ಜಾಗ ಬಿಡುತ್ತಿತ್ತು.

ಇಲ್ಲಿ ನಮ್ಮ ಕನ್ನಡವನ್ನು ನೆನೆಯುವುದು ಸಹಜ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ದೀರ್ಘದ ಕೊಂಬು ಪಕ್ಕಕ್ಕೆ ಚಾಚುತ್ತದೆ. ಒಂಬತ್ತು ಹದಿನಾಲ್ಕರ ಚೌಕಟ್ಟಿಗೆ ‘ಸ್ತ್ರೀ’ ಎಂಬ ಒಂದು ಅಕ್ಷರವನ್ನು ತುರುಕಲು ಹೋದರೆ ತೊಂದರೆ ಗೊತ್ತಾಗುತ್ತದೆ. ಭಾರತದ ಲಿಪಿಗಳಿಗಾಗಿ ೧೯೮೦ರ ದಶಕದಲ್ಲಿ ಕಾನ್ಪುರದ ಐ.ಐ.ಟಿ.ಯಲ್ಲಿ ನಡೆದ ಕೆಲಸವನ್ನು ಪುಣೆಯ ಸಿ-ಡ್ಯಾಕ್ ಸಂಸ್ಥೆ ಮುಂದುವರಿಸಿತು. ಅದರ ಫಲವಾದ ಜಿಸ್ಟ್ ಎಂಬ ಕಾರ್ಡನ್ನು ಪಿ.ಸಿ.ಯೊಳಗೆ ಕೂರಿಸಿದಾಗ ಕನ್ನಡವೂ ತೆರೆಯ ಮೇಲೆ ಮೂಡಿತು. ಥಾಯ್ ಲಿಪಿಯವರಂತೆ ನಾವೂ ತೆರೆಯನ್ನು ಸೇರಿದ್ದು ಒಂದು ಹೆಚ್ಚಿನ ಕಾರ್ಡಿನ ಬಾಗಿಲಿನಿಂದ.

ಇರಲಿ, ಚರಿತ್ರೆಗೆ ಹಿಂದಿರುಗೋಣ. ೧೯೮೭ರಲ್ಲಿ ಎರಡು ಘಟನೆಗಳು ನಡೆದವು. ಅವುಗಳಿಂದ ಹಲವು ತೆರೆಗಳ ದಾರಿ ಎರಡು ಕವಲಾಯಿತು.

ಮೊದಲನೆಯದು, ಐ.ಬಿ.ಎಂ. ಹೊರತಂದ ವಿ.ಜಿ.ಎ. ಅದು ಅಡ್ಡಕ್ಕೆ ೬೪೦, ಉದ್ದಕ್ಕೆ ೪೮೦ ಚುಕ್ಕಿಗಳಲ್ಲಿ ಅಕ್ಷರ, ಚಿತ್ರ, ಬಣ್ಣ ಮೂರನ್ನೂ ತೋರಿಸಿತು. ಎಲ್ಲವನ್ನೂ ಒಂದೇ ಕಾರ್ಡು ಮಾಡಿದ್ದರಿಂದ ಅದೇ ಎಲ್ಲೆಡೆಯೂ ವಾಡಿಕೆಯಾಯಿತು. ಆದರೆ ಈ ಜಯದಲ್ಲಿಯೇ ಒಂದು ಸೋಲು ಅಡಗಿತ್ತು. ಎರಡು ವಿ.ಜಿ.ಎ. ಕಾರ್ಡುಗಳನ್ನು ಒಂದು ಯಂತ್ರದಲ್ಲಿಟ್ಟರೆ ಎರಡಕ್ಕೂ ಒಂದೇ ಮನೆ ನಂಬರು! ಪ್ರೊಸೆಸರು ಒಂದು ವಿಳಾಸವನ್ನು ಕೂಗಿದರೆ ಇಬ್ಬರು ‘ಓ’ಗೊಡುತ್ತಾರೆ. ಆದ್ದರಿಂದ ವಿ.ಜಿ.ಎ. ಜೊತೆ ಹಳೆಯ ಏಕವರ್ಣದ ಕಾರ್ಡನ್ನು ಇಟ್ಟು ಎರಡು ತೆರೆ ಮಾಡಿಕೊಂಡವರುಂಟೇ ಹೊರತು, ಎರಡು ವಿ.ಜಿ.ಎ. ತೆರೆಗಳು ಪಿ.ಸಿ.ಯ ಸಾಮಾನ್ಯ ಬಳಕೆದಾರನಿಗೆ ದೂರದ ಮಾತಾಯಿತು.

ಎರಡನೆಯದು, ಆಪಲ್ ಸಂಸ್ಥೆ ಹೊರತಂದ ಮ್ಯಾಕಿಂತಾಷ್-೨. ಅದರಲ್ಲಿ ನೂಬಸ್ ಎಂಬ ಆರು ಸ್ಲಾಟುಗಳಿದ್ದವು. ನೂಬಸ್ಸಿನ ವಿಶೇಷವೇನೆಂದರೆ, ವಿಳಾಸ ಕಾರ್ಡಿನದಲ್ಲ, ಸ್ಲಾಟಿನದು. ವಠಾರದಲ್ಲಿ ಯಾರು ಬಂದು ಇಳಿದುಕೊಂಡರೂ ಮನೆ ನಂಬರು ಮನೆಯದೇ ಅಲ್ಲವೆ, ಹಾಗೆ. ಒಂದೇ ಜಾತಿಯ ಆರು ಕಾರ್ಡುಗಳನ್ನು ಹಾಕಿದರೂ ಜಗಳವಿಲ್ಲ. ಇದಕ್ಕಿಂತ ದೊಡ್ಡ ಸಂಗತಿ ಅದರ ಸಾಫ್ಟ್‌ವೇರಿನದು. ಪಿ.ಸಿ.ಯಲ್ಲಿ ಎರಡು ತೆರೆಗಳೆಂದರೆ ಎರಡು ಬೇರೆ ಮೇಜುಗಳಿದ್ದಂತೆ. ಒಂದರ ಮೇಲಿನ ವಸ್ತು ಇನ್ನೊಂದಕ್ಕೆ ಹೋಗದು. ಮ್ಯಾಕಿಂತಾಷಿನಲ್ಲಿ ಎಲ್ಲ ತೆರೆಗಳೂ ಸೇರಿ ಒಂದೇ ಮೇಜು. ಮೌಸಿನಿಂದ ಹಿಡಿದು ಎಳೆದರೆ ಕಿಟಕಿಯೊಂದು ಈ ಮಾನಿಟರಿನ ಅಂಚು ದಾಟಿ ಆ ಮಾನಿಟರಿಗೆ ನಡೆದುಹೋಗುತ್ತಿತ್ತು. ಅರ್ಧ ಬಣ್ಣದ ತೆರೆಯಲ್ಲಿ, ಅರ್ಧ ಕಪ್ಪು-ಬಿಳುಪಿನ ತೆರೆಯಲ್ಲಿ ನಿಲ್ಲಿಸಿದರೂ ಆಯಾ ಅರ್ಧ ಆಯಾ ತೆರೆಗೆ ತಕ್ಕಂತೆ ಮೂಡುತ್ತಿತ್ತು. ಇಂದು ನಾವು ಸಹಜವೆಂದು ತಿಳಿದಿರುವ ಏರ್ಪಾಡು ಇದೇ.

ಪಿ.ಸಿ.ಯ ದಾರಿ ಈ ಹಂತಕ್ಕೆ ಬರಲು ಇನ್ನೂ ಹನ್ನೊಂದು ವರ್ಷ ಹಿಡಿಯಿತು. ೧೯೯೨ರಲ್ಲಿ ಇಂಟೆಲ್ ಪ್ರಕಟಿಸಿದ ಪಿ.ಸಿ.ಐ. ಎಂಬ ಸ್ಲಾಟಿನಲ್ಲಿ ಕಾರ್ಡುಗಳಿಗೆ ವಿಳಾಸವನ್ನು ಯಂತ್ರವೇ ಹಂಚಿಕೊಡುವ ವ್ಯವಸ್ಥೆ ಬಂತು. ೧೯೯೮ರ ಜೂನ್ ತಿಂಗಳಲ್ಲಿ ಬಂದ ವಿಂಡೋಸ್ ೯೮, ಒಂಬತ್ತು ಮಾನಿಟರುಗಳವರೆಗೆ ಒಂದೇ ಮೇಜಾಗಿ ಕಾಣಲು ಕಲಿತಿತ್ತು. ಮುಖ್ಯ ತೆರೆಯ ಮೇಲಿನ ಎಡ ಮೂಲೆ ಸೊನ್ನೆ. ಬಲಕ್ಕೆ ಅಂಕಿ ಏರುತ್ತ ಹೋಗುತ್ತದೆ. ಎಡಗಡೆ ಇನ್ನೊಂದು ಮಾನಿಟರು ಇದ್ದರೆ ಅಲ್ಲಿನ ಚುಕ್ಕಿಗಳಿಗೆ ಸೊನ್ನೆಗಿಂತ ಕಡಮೆಯ ಅಂಕಿ. ಸೊನ್ನೆಯ ಆಚೆಗೂ ಜಾಗವಿರಬಹುದೆಂದು ಕನಸಿನಲ್ಲಿಯೂ ಎಣಿಸದ ಹಳೆಯ ಪ್ರೋಗ್ರಾಮುಗಳು ಅಲ್ಲಿ ತಬ್ಬಿಬ್ಬಾದದ್ದುಂಟು. ಒಂದು ಮಾನಿಟರನ್ನು ತೆಗೆದುಹಾಕಿದ ಮೇಲೂ ಕಿಟಕಿಯನ್ನು ಇಲ್ಲದ ತೆರೆಯ ಮೇಲೆ ತೆರೆದು ಕೂರುವ ಪ್ರೋಗ್ರಾಮುಗಳನ್ನು ನೀವೂ ಕಂಡಿರಬಹುದು.

ವಿಳಾಸದ ಜಗಳ ಮುಗಿಯಿತು, ಸಾಫ್ಟ್‌ವೇರಿನ ಅಡ್ಡಿ ನೀಗಿತು. ಆದರೂ ತೆರೆಗೊಂದು ಕಾರ್ಡು ಬೇಕೇ ಬೇಕು. ಏಕೆಂದರೆ ಒಂದು ಕಾರ್ಡಿನಲ್ಲಿ ಪಾರಾಯಣಕ್ಕೆ ಕುಳಿತವನು ಒಬ್ಬನೇ. ಕೆನಡಾ ದೇಶದ ಮ್ಯಾಟ್ರಾಕ್ಸ್ ಸಂಸ್ಥೆ ೧೯೯೯ರಲ್ಲಿ ಜಿ-೪೦೦ ಎಂಬ ಕಾರ್ಡಿನಲ್ಲಿ ಒಂದೇ ಚಿಪ್ಪಿನೊಳಗೆ ಇಬ್ಬರನ್ನು ಕೂರಿಸಿತು. ಡ್ಯುಯಲ್ ಹೆಡ್ ಎಂದು ಅದಕ್ಕೆ ಹೆಸರಿಟ್ಟರು. ಮೆಮೊರಿ ಒಂದೇ, ಅದರ ಒಂದು ಭಾಗವನ್ನು ಒಬ್ಬ, ಇನ್ನೊಂದು ಭಾಗವನ್ನು ಇನ್ನೊಬ್ಬ ಓದಿ ತನ್ನ ತನ್ನ ಮಾನಿಟರಿಗೆ ಕಳುಹಿಸುವನು. ಎರಡನೆಯವನು ಮೊದಲನೆಯವನಷ್ಟು ಚುರುಕಲ್ಲವೆಂಬುದೇನೋ ನಿಜ. ಮರುವರ್ಷವೇ ಎನ್‌ವಿಡಿಯಾ ಸಂಸ್ಥೆಯ ಕಾರ್ಡುಗಳಲ್ಲಿಯೂ ಈ ಅನುಕೂಲ ಬಂತು. ಒಂದು ಕಾರ್ಡು, ಎರಡು ತೆರೆ ಎಂಬುದು ಕೆಲವೇ ವರ್ಷಗಳಲ್ಲಿ ಸಾಮಾನ್ಯವಾಯಿತು. ಅದೇ ಬಹುಕಾಲ ಎಲ್ಲೆಯಾಗಿಯೂ ಉಳಿಯಿತು.

ಏಕೆ ಎರಡಕ್ಕೇ ನಿಂತಿತು? ನಮ್ಮ ಆರಂಭದ ಒಗಟಿನ ಬೀಗದಕೈ ಇಲ್ಲಿದೆ. ಪಾರಾಯಣ ಮಾಡುವವನಿಗೆ ತಾಳ ಹಾಕುವವನೊಬ್ಬ ಬೇಕು. ಅವನ ಪೆಟ್ಟಿಗೆ ಒಂದರಂತೆ ಚುಕ್ಕಿಗಳು ಹೊರಡುತ್ತವೆ. ವಿ.ಜಿ.ಎ.ಯ ಚಿತ್ರಕ್ಕೆ ಸೆಕೆಂಡಿಗೆ ೨ ಕೋಟಿ ೫೧ ಲಕ್ಷ ೭೫ ಸಾವಿರ ಪೆಟ್ಟು. ಇಂದು ಎಲ್ಲೆಡೆ ಕಾಣುವ, ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦ ಚುಕ್ಕಿಗಳ ಮಾನಿಟರಿಗೆ ೧೪ ಕೋಟಿ ೮೫ ಲಕ್ಷ. ೧೯೯೯ರಲ್ಲಿ ಬಂದ ಡಿ.ವಿ.ಐ. ಮತ್ತು ೨೦೦೨ರ ಕೊನೆಯಲ್ಲಿ ರೂಪುಗೊಂಡ ಹೆಚ್.ಡಿ.ಎಂ.ಐ. ಎರಡರಲ್ಲಿಯೂ ಚುಕ್ಕಿಗಳ ಜೊತೆಗೆ ಈ ತಾಳವೂ ಕೇಬಲ್ಲಿನಲ್ಲಿ ಹೋಗಬೇಕು. ಮಾನಿಟರು ಬೇರೆಯಾದರೆ ತಾಳವೂ ಬೇರೆ. ಆದ್ದರಿಂದ ಪ್ರತಿಯೊಂದಕ್ಕೂ ಪ್ರತ್ಯೇಕವಾಗಿ ತಾಳ ಹುಟ್ಟಿಸುವ ಅಂಗ ಚಿಪ್ಪಿನಲ್ಲಿರಬೇಕು. ಅಂಥವು ಇದ್ದದ್ದು ಎರಡೇ.

೨೦೦೯ರಲ್ಲಿ ಎ.ಎಂ.ಡಿ. ಸಂಸ್ಥೆ ರೇಡಿಯಾನ್ ಹೆಚ್.ಡಿ. ೫೮೭೦ ಎಂಬ ಕಾರ್ಡನ್ನು ಐಫಿನಿಟಿ ಎಂಬ ಸೌಕರ್ಯದೊಡನೆ ಹೊರತಂದಾಗ ಈ ಸಂಗತಿ ಮನೆಮನೆಗೂ ತಲುಪಿತು. ಆ ಚಿಪ್ಪಿನಲ್ಲಿ ಪಾರಾಯಣಕ್ಕೆ ಆರು ಜನ ಸಿದ್ಧರಾಗಿದ್ದರು. ಕಾರ್ಡಿನ ಬೆನ್ನಿನಲ್ಲಿ ನಾಲ್ಕು ಸಾಕೆಟ್ಟುಗಳು: ಎರಡು ಡಿ.ವಿ.ಐ., ಒಂದು ಹೆಚ್.ಡಿ.ಎಂ.ಐ., ಒಂದು ಡಿಸ್‌ಪ್ಲೇಪೋರ್ಟ್. ಆದರೆ ಒಟ್ಟಿಗೆ ನಡೆಯುತ್ತಿದ್ದುದು ಮೂರು ಮಾನಿಟರು. ಆ ಮೂರರಲ್ಲಿ ಒಂದು ಡಿಸ್‌ಪ್ಲೇಪೋರ್ಟಿನಲ್ಲಿಯೇ ಇರಬೇಕು. ಓದುವವರು ಆರು ಜನ, ಹಳೆಯ ಬಗೆಯ ತಾಳ ಹಾಕುವವರು ಇಬ್ಬರೇ! ೨೦೦೬ರಲ್ಲಿ ವೀಸಾ ಎಂಬ ಮಾನಕ ಸಂಸ್ಥೆ ಪ್ರಕಟಿಸಿದ ಡಿಸ್‌ಪ್ಲೇಪೋರ್ಟಿನ ಕ್ರಮ ಬೇರೆ. ಅದು ಚಿತ್ರವನ್ನು ಸಣ್ಣ ಸಣ್ಣ ಕಟ್ಟುಗಳಾಗಿ ಮಾಡಿ, ಯಾವ ಮಾನಿಟರೇ ಆಗಲಿ ಗೊತ್ತಾದ ಕೆಲವೇ ವೇಗಗಳಲ್ಲಿ ಕಳುಹಿಸುತ್ತದೆ. ಆದ್ದರಿಂದ ಒಂದೇ ತಾಳಕ್ಕೆ ಎಲ್ಲರೂ ಓದಬಹುದು. ೨೦೧೦ರಲ್ಲಿ ಅದೇ ವಂಶದ ಕಾರ್ಡೊಂದು ಆರು ಚಿಕ್ಕ ಡಿಸ್‌ಪ್ಲೇಪೋರ್ಟ್ ಸಾಕೆಟ್ಟುಗಳೊಡನೆ ಬಂದು ಆರು ತೆರೆಗಳನ್ನು ಬೆಳಗಿಸಿತು.

ಆ ಕಾಲದಲ್ಲಿ ಮೂರನೆಯ ಮಾನಿಟರು ಕೊಂಡು ನಿರಾಶರಾದವರಲ್ಲಿ ಅನೇಕರು ಅಗ್ಗದ ಅಡಾಪ್ಟರು ಕೊಂಡವರು. ಡಿಸ್‌ಪ್ಲೇಪೋರ್ಟಿನಿಂದ ಡಿ.ವಿ.ಐ.ಗೆ ಎರಡು ಬಗೆಯ ಅಡಾಪ್ಟರುಗಳಿವೆ. ಒಂದು ‘ಪ್ಯಾಸಿವ್’, ಅದು ಸಾಕೆಟ್ಟಿನ ಆಕಾರವನ್ನು ಬದಲಾಯಿಸುತ್ತದೆಯೇ ಹೊರತು ಕಾರ್ಡಿನಿಂದ ಕೇಳುವುದು ಹಳೆಯ ತಾಳವನ್ನೇ. ಇನ್ನೊಂದು ‘ಆಕ್ಟಿವ್’, ಅದರೊಳಗೆ ಒಂದು ಚಿಪ್ಪಿದ್ದು, ತಾಳವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿಯ ತುಂಡು ವೈರು. ಮೊದಲನೆಯದನ್ನು ಕೊಂಡವರ ಮೂರನೆಯ ತೆರೆ ಕಪ್ಪಾಗಿ ಉಳಿಯಿತು.

೨೦೧೦ರಲ್ಲಿಯೇ ಬಂದ ಡಿಸ್‌ಪ್ಲೇಪೋರ್ಟಿನ ೧.೨ನೆಯ ಆವೃತ್ತಿಯಿಂದ ಸಾಕೆಟ್ಟಿನ ಎಣಿಕೆ ಇನ್ನೊಂದು ದಿಕ್ಕಿನಿಂದಲೂ ಸುಳ್ಳಾಯಿತು. ಅದರಲ್ಲಿ ಒಂದೇ ಕೇಬಲ್ಲು ಅನೇಕ ಚಿತ್ರಗಳನ್ನು ಹೊರಬಲ್ಲುದು; ಆ ಸೌಕರ್ಯವಿರುವ ಮಾನಿಟರುಗಳನ್ನು ಒಂದರಿಂದ ಇನ್ನೊಂದಕ್ಕೆ ಹಾರದಂತೆ ಪೋಣಿಸಬಹುದು. ಲೆಕ್ಕ ಸುಲಭ. ಆ ಕೇಬಲ್ಲಿನಲ್ಲಿ ಸೆಕೆಂಡಿಗೆ ೧,೭೨೮ ಕೋಟಿ ಬಿಟ್ಟುಗಳಷ್ಟು ಚಿತ್ರ ಹೋಗಬಹುದು. ಮೇಲೆ ಹೇಳಿದ ೧೯೨೦-೧೦೮೦ರ ಮಾನಿಟರೊಂದಕ್ಕೆ ಬೇಕಾದದ್ದು ಸುಮಾರು ೩೫೬ ಕೋಟಿ. ನಾಲ್ಕು ಮಾನಿಟರಿಗೆ ೧,೪೨೬ ಕೋಟಿಯ ಹತ್ತಿರ. ಎಂದರೆ ಒಂದೇ ಸಾಕೆಟ್ಟಿನಿಂದ ನಾಲ್ಕು ತೆರೆ! ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. ೨೦೨೦ರ ಕೊನೆಯಲ್ಲಿ ಆಪಲ್ ತನ್ನದೇ ಎಂ-೧ ಚಿಪ್ಪನ್ನು ಹಾಕಿ ತಂದ ಮ್ಯಾಕ್‌ಬುಕ್‌ಗಳಲ್ಲಿ ಎರಡು ಸಾಕೆಟ್ಟುಗಳಿದ್ದವು. ಹೊರಗಿನ ಮಾನಿಟರು ನಡೆಯುತ್ತಿದ್ದುದು ಒಂದೇ. ೧೯೮೭ರಲ್ಲಿ ಆರು ಕಾರ್ಡುಗಳಿಗೆ ಆರು ತೆರೆ ತೋರಿಸಿದ ಸಂಸ್ಥೆಯದೇ ಯಂತ್ರ ಅದು. ಒಳಗೆ ಓದುವವರು ಇರುವಷ್ಟೇ ತೆರೆಗಳೆಂಬ ನಿಯಮಕ್ಕೆ ದೊಡ್ಡವರೂ ಹೊರತಲ್ಲ.

ಹಾಗಾದರೆ ಮಾನಿಟರು ಕೊಳ್ಳಲು ಹೊರಟ ನೀವು ಏನು ಮಾಡಬೇಕು? ಅಂಗಡಿಯವರನ್ನು ‘ಎಷ್ಟು ಸಾಕೆಟ್ಟು ಇವೆ?’ ಎಂದು ಕೇಳಬೇಡಿ. ‘ಏಕಕಾಲಕ್ಕೆ ಎಷ್ಟು ತೆರೆ ನಡೆಯುತ್ತವೆ?’ ಎಂದು ಕೇಳಿ. ಕಾರ್ಡಿನ ಕಾಗದಪತ್ರಗಳಲ್ಲಿ ಆ ಸಂಖ್ಯೆ ಬೇರೆಯಾಗಿಯೇ ನಮೂದಾಗಿರುತ್ತದೆ. ಇಂದಿನ ಸಾಮಾನ್ಯ ಕಾರ್ಡುಗಳಲ್ಲಿ ಅದು ಬಹುಮಟ್ಟಿಗೆ ನಾಲ್ಕು. ಅಡಾಪ್ಟರು ಬೇಕಾದರೆ ಅದು ಯಾವ ಬಗೆಯದೆಂದು ವಿಚಾರಿಸಿ. ಕವಲು ಕೇಬಲ್ಲು ಕೊಂಡರೆ ಎರಡು ತೆರೆಗಳಲ್ಲಿಯೂ ಒಂದೇ ಚಿತ್ರ ಕಾಣುವುದೆಂಬುದನ್ನು ಮರೆಯಬೇಡಿ. ಒಂದು ಮಾನಿಟರನ್ನು ಕಾರ್ಡಿಗೂ ಇನ್ನೊಂದನ್ನು ಯಂತ್ರದ ಮದರ್‌ಬೋರ್ಡಿನ ಸಾಕೆಟ್ಟಿಗೂ ಸಿಕ್ಕಿಸಿದಾಗ ಎರಡನೆಯದು ಕಪ್ಪಾಗಿದ್ದರೆ ಗಾಬರಿಯಾಗಬೇಡಿ. ಕಾರ್ಡು ಹಾಕಿದೊಡನೆ ಮದರ್‌ಬೋರ್ಡಿನ ಸಾಕೆಟ್ಟನ್ನು ಸ್ತಬ್ಧಗೊಳಿಸುವುದು ಅನೇಕ ಯಂತ್ರಗಳ ಪದ್ಧತಿ. ಬಯಾಸ್ ಎಂಬಲ್ಲಿ ಹೋಗಿ ಅದನ್ನು ಮತ್ತೆ ಎಬ್ಬಿಸಬಹುದಾದ ಯಂತ್ರಗಳೂ ಇವೆ.

ಕೊನೆಯದಾಗಿ ಒಂದು ಮಾತು. ತೆರೆ ಹೆಚ್ಚಿದಷ್ಟೂ ಕೆಲಸ ಹೆಚ್ಚುತ್ತದೆಂದು ಭಾವಿಸುವುದು ಬೇಡ. ಯಂತ್ರದೊಳಗೆ ಓದುವವರನ್ನು ಎರಡು, ನಾಲ್ಕು, ಆರು ಮಾಡಿದ್ದಾರೆ. ಹೊರಗೆ ಕುಳಿತು ನೋಡುವವನು ಇಂದಿಗೂ ಒಬ್ಬನೇ. ಒಂದು ತೆರೆಯಲ್ಲಿ ಕೆಲಸ, ಇನ್ನೊಂದರಲ್ಲಿ ಹರಟೆ ಎಂದಾದರೆ ಅದು ಕಿರ್ದಿಯ ಪಕ್ಕದಲ್ಲಿ ಚೌಕಾಬಾರ ಹಾಸಿದ ಹಾಗೆ. ಹಸಿರು ತೆರೆಯ ಪಕ್ಕದಲ್ಲಿ ಬಣ್ಣದ ತೆರೆಯನ್ನಿಟ್ಟ ಲೆಕ್ಕಿಗನಿಗೆ ಅಂಕಿಯನ್ನೂ ಅದರ ಆಕಾರವನ್ನೂ ಒಟ್ಟಿಗೆ ನೋಡಬೇಕಾಗಿತ್ತು. ಹರ್ಕ್ಯುಲಿಸ್ ಕಾರ್ಡು ಮಾಡಿದವನಿಗೆ ತನ್ನ ನುಡಿಯನ್ನು ತೆರೆಯ ಮೇಲೆ ಕಾಣಬೇಕಾಗಿತ್ತು. ಇನ್ನೊಂದು ಮಾನಿಟರನ್ನು ಮನೆಗೆ ತರುವ ಮುಂಚೆ, ಅದರ ಮೇಲೆ ಏನನ್ನು ತೆರೆದಿಡುವಿರೆಂದು ಒಂದು ಕ್ಷಣ ಯೋಚಿಸಿ. ಉತ್ತರ ತಟ್ಟನೆ ಹೊಳೆದರೆ ಅವಶ್ಯವಾಗಿ ಕೊಳ್ಳಿ. ಕೊಂಡ ಮೇಲೆ ಅದು ಕಪ್ಪಾಗಿ ಉಳಿಯದಂತೆ ನೋಡಿಕೊಳ್ಳುವ ಬಗೆ ಈಗ ನಿಮಗೆ ಗೊತ್ತಿದೆ.